ಜಬೀನ್ ಹೆಸರಿನ ಫೋಲ್ಡರು

ಮದುವೆ ಬೇಡವೆಂದ ಆ ಹುಡುಗನ ಹೆಸರನ್ನು ಈಗಲೇ ಹೇಳುವುದಿಲ್ಲ. ಮೊಳಕಾಲ್ಮೂರಿನವನು, ರೇಷ್ಮೆ ಸೀರೆ ವ್ಯಾಪಾರದ ಮನೆಯವನು, ಸದ್ಯಕ್ಕೆ ಇಷ್ಟು ಸಾಕು. ಅವನಿಗಿಂತ ಹೆಚ್ಚಾಗಿ ನನ್ನ ಪ್ರಾಣ ತಿಂದದ್ದು ಒಂದು ಫೋಲ್ಡರು. ಅವನು ಬಿಟ್ಟು ಹೋದ. ಅದು ಬಿಟ್ಟು ಹೋಗಲಿಲ್ಲ.

ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ಎಣ್ಣೆ ಮಿಲ್ಲೊಂದರ ಎದುರು ನಮ್ಮ ಪ್ರೆಸ್ಸಿತ್ತು. ಅಬ್ಬಾ, ಅಂದರೆ ನನ್ನ ತಂದೆ ಪೀರ್ ಸಾಬ್, ಅಲ್ಲಿ ಮೂವತ್ತು ವರ್ಷ ಸೀಸದ ಅಚ್ಚುಮೊಳೆ ಜೋಡಿಸಿ, ಕಾಲಲ್ಲಿ ತುಳಿಯುವ ಮಿಷನ್ನಿನಲ್ಲಿ ಸುತ್ತಲಿನ ಹಳ್ಳಿಗಳ ಮದುವೆ ಕಾರ್ಡು ಅಚ್ಚು ಹಾಕಿದವರು. ಮನೆಯಲ್ಲಿ ನಾವಾಡುವುದು ಉರ್ದು. ಆದರೆ ಪ್ರೆಸ್ಸಿನ ಹೊಸ್ತಿಲು ದಾಟಿದರೆ ಅಬ್ಬಾ ಕನ್ನಡವನ್ನೇ ಆಡುತ್ತಿದ್ದರು. ಮೊಳೆಗಳೆಲ್ಲ ಕನ್ನಡದವು, ಅವಕ್ಕೂ ನಮ್ಮ ಮಾತು ಅರ್ಥವಾಗಬೇಕಲ್ಲ ಎನ್ನುವುದು ಅವರ ವಾದ. ಕಣ್ಣು ಮಂಜಾದ ಮೇಲೆ, ತೊಂಬತ್ತೊಂಬತ್ತರಲ್ಲಿ, ಮಿಷನ್ ನಿಲ್ಲಿಸಿ ಯಾರೋ ಬಳಸಿ ಬಿಟ್ಟ ಕಂಪ್ಯೂಟರೊಂದನ್ನು ತಂದರು. ನಾನು ಆರು ತಿಂಗಳು ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಓಡಾಡಿ ಡಿಟಿಪಿ ಕಲಿತು ಅದರ ಮುಂದೆ ಕೂತೆ. ಕೂತವಳು ಕೂತೇ ಇದ್ದೆ.

ನಮ್ಮಲ್ಲಿ ಮದುವೆ ಕಾರ್ಡಿನ ಫೋಲ್ಡರಿಗೆ ಹೆಣ್ಣಿನ ಹೆಸರನ್ನೇ ಇಡುವುದು. ಗಂಡಿನ ಹೆಸರಿಟ್ಟರೆ ಒಂದೇ ಹೆಸರು ಹತ್ತು ಸಲ ಬಂದು ಗೊಂದಲವಾಗುತ್ತದೆ, ಅದೂ ಅಲ್ಲದೆ ಕಾರ್ಡು ಮಾಡಿಸುವುದು ಹೆಚ್ಚಾಗಿ ಹೆಣ್ಣಿನ ಮನೆಯವರು. ಹಾಗಾಗಿ ಕಂಪ್ಯೂಟರ್ ತೆರೆದರೆ ಹಳದಿ ಫೋಲ್ಡರುಗಳ ಸಾಲಿನಲ್ಲಿ ತಾಲ್ಲೂಕಿನ ಅರ್ಧ ಹೆಣ್ಣುಮಕ್ಕಳು ಸಿಗುತ್ತಿದ್ದರು. ಎರಡು ಸಾವಿರದ ಎರಡರಲ್ಲಿ ನನ್ನದೂ ಅಲ್ಲಿ ಸೇರಿತು. ನನ್ನ ಕಾರ್ಡನ್ನು ನಾನೇ ಟೈಪ್ ಮಾಡಿದೆ. ಮಂಗ್ನಿಗೆ, ಅಂದರೆ ನಿಶ್ಚಿತಾರ್ಥಕ್ಕೆ, ಅವರ ಮನೆಯಿಂದ ಬಂದಿದ್ದ ಮೊಳಕಾಲ್ಮೂರು ಸೀರೆಯ ಅಂಚನ್ನು ಸ್ಕ್ಯಾನರ್ ಗಾಜಿನ ಮೇಲೆ ಹಾಸಿ, ಕಾರ್ಡಿನ ಸುತ್ತ ಅದನ್ನೇ ಬಾರ್ಡರಾಗಿ ಕೂರಿಸಿದೆ. ಎರಡು ದಿನ ಹಿಡಿಯಿತು. ಬೇರೆಯವರ ಕಾರ್ಡಿಗೆ ನಾನು ಅರ್ಧ ಗಂಟೆಗಿಂತ ಹೆಚ್ಚು ಕೊಟ್ಟವಳಲ್ಲ.

ಮದುವೆಗೆ ಮೂರು ವಾರ ಇರುವಾಗ ಮೊಳಕಾಲ್ಮೂರಿನಿಂದ ಪಕ್ಕದ ಔಷಧಿ ಅಂಗಡಿಗೆ ಫೋನು ಬಂತು. ಹುಡುಗನಿಗೆ ರಾಯದುರ್ಗದಲ್ಲಿ ಮಗ್ಗಗಳಿರುವ ಮನೆಯ ಹೆಣ್ಣು ಗೊತ್ತಾಗಿದೆಯಂತೆ, ದೊಡ್ಡವರ ಮಾತು, ತಪ್ಪು ತಿಳಿಯಬೇಡಿ. ಮಾರನೆಯ ದಿನ ಅಬ್ಬಾ ಸೀರೆಯನ್ನು ಪೇಪರಿನಲ್ಲಿ ಸುತ್ತಿ ಬಸ್ಸು ಹತ್ತಿದರು, ಸೀರೆ ಕೊಟ್ಟು ಅಲ್ಲಿ ನೀರೂ ಕುಡಿಯದೆ ವಾಪಸು ಬಂದರು. ಅಚ್ಚಾಗಿದ್ದ ನಾನೂರು ಕಾರ್ಡುಗಳನ್ನು ಸಾಬಿರಾ ಫೂಫು ನೀರೊಲೆಗೆ ಹಾಕಿದಳು. ಫೂಫು ಅಬ್ಬಾನ ತಂಗಿ. ಅಮ್ಮಿ ತೀರಿಕೊಂಡಾಗ ನನಗೆ ನಾಲ್ಕು ವರ್ಷ, ಸಾಕಿದವಳು ಅವಳೇ. ಅವಳಿಗೂ ಮದುವೆಯಾಗಿರಲಿಲ್ಲ. ಯಾಕೆ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ, ನಾನೂ ಕೇಳಿರಲಿಲ್ಲ.

ಮೂರನೆಯ ದಿನ ನಾನು ಪ್ರೆಸ್ಸಿಗೆ ಹೋದೆ. ಅತ್ತು ಮುಗಿದಿತ್ತು, ಮದುವೆ ಕಾಲ ಮುಗಿದಿರಲಿಲ್ಲ. ಊರವರ ಮದುವೆಗಳು ಸಾಲುಗಟ್ಟಿ ನಿಂತಿದ್ದವು. ದಿನಾ ಆ ಸಾಲಿನಲ್ಲಿ ನನ್ನ ಹೆಸರಿನ ಮೇಲೆ ಕಣ್ಣು ಹಾಯುತ್ತಿತ್ತು, ದಾಟಿ ಮುಂದಕ್ಕೆ ಹೋಗುತ್ತಿದ್ದೆ. ಇವತ್ತು ತೆಗೆಯೋಣ, ನಾಳೆ ತೆಗೆಯೋಣ ಎನ್ನುತ್ತಲೇ ವರ್ಷ ಕಳೆಯಿತು.

ಮರುವರ್ಷದ ಬೇಸಿಗೆಯಲ್ಲಿ ದೊಡ್ಡಉಳ್ಳಾರ್ತಿಯಿಂದ ಬೊಮ್ಮಕ್ಕ ಬಂದಳು, ಮಗಳು ಚಿತ್ರಾಳ ಮದುವೆ ಕಾರ್ಡಿಗೆ. ಕುರಿ ಸಾಕುವ ಮನೆ, ಮಗಳನ್ನು ಪಿಯುಸಿ ಓದಿಸಿದ್ದರು. ಹೆಸರುಗಳಲ್ಲಿ ತಪ್ಪಾಗದಿರಲೆಂದು ಗಿರಾಕಿಗಳನ್ನು ನನ್ನ ಪಕ್ಕದಲ್ಲೇ ಕೂರಿಸಿಕೊಳ್ಳುವುದು ರೂಢಿ. ಚಿತ್ರಾ ಕೂತಳು. ಹುಡುಗಿಯ ಕಣ್ಣು ಚುರುಕು, ತನ್ನ ಕಾರ್ಡೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಓದಿದಳು.

"ಅಕ್ಕಾ, ಇಲ್ಲಿ ಜಬೀನ್ ಅಂತೈತಲ್ಲ, ಅದು ನೀವೇ ಅಲ್ವಾ? ನಿಮ್ ಮದ್ವೆ ಕಾರ್ಡ್ ಹೆಂಗಿತ್ತು ತೋರಿಸ್ರಿ. ಚೆನ್ನಾಗಿದ್ರೆ ನಂಗೂ ಅದೇ ಮಾಡ್ರಿ."

"ಅದು ತೆರೆಯಲ್ಲಮ್ಮ," ಅಂದೆ.

"ಯಜಮಾನ್ರು ಯಾವೂರವ್ರು?"

ಬೊಮ್ಮಕ್ಕ ನನ್ನ ಮುಖ ನೋಡಿದಳು. ಅವಳಿಗೆ ಓದು ಬರುತ್ತಿರಲಿಲ್ಲ, ಮುಖ ಓದಲು ಬರುತ್ತಿತ್ತು. "ಸುಮ್ನೆ ಕೂತ್ಕೊಳ್ಳೇ. ಅವರ ಕೆಲ್ಸ ಅವರು ಮಾಡ್ಲಿ," ಅಂತ ಮಗಳ ತೊಡೆಗೆ ತಟ್ಟಿದಳು.

ಅವರು ಹೋದ ಕೂಡಲೇ ಫೋಲ್ಡರಿನ ಮೇಲೆ ಒತ್ತಿ ಡಿಲೀಟ್ ಕೊಟ್ಟೆ. ಆಗುವುದಿಲ್ಲ ಎಂದಿತು. ಇನ್ನೊಮ್ಮೆ ಕೊಟ್ಟೆ. ಹೇಳಿದ ಫೈಲು ಸಿಗುತ್ತಿಲ್ಲ, ಹೆಸರು ಸರಿಯಾಗಿದೆಯೇ ನೋಡಿ ಎಂದಿತು. ಹೆಸರು ನನ್ನದೇ, ನನಗೆ ಗೊತ್ತಿಲ್ಲವೇ? ತೆರೆದು ನೋಡಿದರೆ ಒಳಗೆ ಕಾರ್ಡೇ ಇಲ್ಲ. ಅದರ ಬದಲು ಇನ್ನೊಂದು ಫೋಲ್ಡರು ಇತ್ತು, ಹೆಸರಿನ ಜಾಗದಲ್ಲಿ ಬರೀ ಅಡ್ಡಗೆರೆ. ಅದನ್ನು ಒತ್ತಿದರೆ ತೆರೆಯುವುದಿಲ್ಲ, ಎಳೆದು ಕಸದ ಬುಟ್ಟಿಗೆ ಹಾಕಿದರೆ ಬೀಳುವುದಿಲ್ಲ, ಹೆಸರು ಬದಲಿಸಲು ಹೋದರೂ ಬದಲಾಗುವುದಿಲ್ಲ. ಅದನ್ನು ಅಲ್ಲಿ ನಾನಿಟ್ಟಿರಲಿಲ್ಲ.

ಒಂದು ವಾರ ಅದರ ಹಿಂದೆ ಬಿದ್ದೆ. ಕಂಪ್ಯೂಟರ್ ಆರಿಸಿ ಹಚ್ಚಿದೆ. ಹಚ್ಚುವಾಗಲೇ ಎಫ್ ಎಂಟು ಒತ್ತಿ ಸೇಫ್ ಮೋಡಿಗೆ ಹೋದೆ, ಅಲ್ಲಿ ಅಕ್ಷರಗಳೆಲ್ಲ ದಪ್ಪದಪ್ಪವಾಗಿ ಕಂಡವು, ನನ್ನ ಹೆಸರೂ ದಪ್ಪವಾಗಿ ಕಂಡಿತು, ಅಳಿಸಲಾಗಲಿಲ್ಲ. ಡಿಸ್ಕು ತಪಾಸಣೆಗೆ ಬಿಟ್ಟೆ. ಅದಕ್ಕೆ ಎರಡು ತಾಸು ಬೇಕು, ನಮ್ಮೂರಲ್ಲಿ ಕರೆಂಟು ಒಂದು ತಾಸು ಇದ್ದರೆ ಪುಣ್ಯ. ಮೂರು ಸಲ ಅರ್ಧಕ್ಕೆ ನಿಂತಿತು, ನಾಲ್ಕನೆಯ ಸಲ ಪೂರ್ತಿಯಾಗಿ, ಯಾವ ದೋಷವೂ ಇಲ್ಲ ಎಂದಿತು. ಯಾವ ದೋಷವೂ ಇಲ್ಲವಂತೆ. ನನಗೆ ಮೈಯೆಲ್ಲ ಉರಿಯಿತು, ಆಮೇಲೆ ಉರಿಯುವುದಕ್ಕೂ ಶಕ್ತಿ ಇಲ್ಲದೆ ಮೇಜಿನ ಮೇಲೆ ತಲೆಯಿಟ್ಟೆ.

ಅಫ್ಸರ್ ಭಾಯ್‌ಗೆ ಹೇಳಿಕಳಿಸಿದೆ. ಟೀವಿ ರಿಪೇರಿಯವನು, ಊರಿಗೆ ಕಂಪ್ಯೂಟರ್ ಬಂದ ಮೇಲೆ ಅದನ್ನೂ ಕಲಿತುಕೊಂಡವನು. ಬಂದ, ಕೂತ, ಎರಡು ನಿಮಿಷ ನೋಡಿದ. "ವೈರಸ್ ಇರ್ಬೇಕು ಬೆಹನ್. ಇದ್ರೆ ಇರ್ಲಿ ಬಿಡಿ, ಏನೂ ತೊಂದ್ರೆ ಮಾಡಲ್ಲ," ಅಂದ. ಚಹಾ ಕುಡಿದು ಹೋದ. ಎರಡನೆಯ ಸಲ ಕರೆದಾಗ ಹಾರ್ಡ್ ಡಿಸ್ಕಿಗೆ ವಯಸ್ಸಾಗಿದೆ ಅಂದ. ಎಂಥಾ ಟೀವಿ ತಂದರೂ ಒಂದು ಕೈ ನೋಡೇಬಿಡುವ ಮನುಷ್ಯ ನಮ್ಮ ಕಂಪ್ಯೂಟರಿನ ಹತ್ತಿರ ಕೈಯನ್ನೇ ತರುತ್ತಿರಲಿಲ್ಲ. ಮೂರನೆಯ ಸಲ ನಾನೇ ಅವನ ಅಂಗಡಿಗೆ ಹೋದೆ.

"ಅಫ್ಸರ್ ಭಾಯ್, ನಾಳೆ ಚಿತ್ರದುರ್ಗಕ್ಕೆ ತಗೊಂಡೋಗಿ ಪೂರಾ ಫಾರ್ಮ್ಯಾಟ್ ಮಾಡಿಸ್ತೀನಿ. ನಾಲ್ಕು ವರ್ಷದ ಕೆಲಸ ಎಲ್ಲಾ ಹೋಗ್ಲಿ. ಆ ಹೆಸರು ಅಲ್ಲಿರಬಾರದು."

ಅವನು ಬೆಸುಗೆ ಕಡ್ಡಿ ಕೆಳಗಿಟ್ಟ. "ಹಂಗ್ ಮಾಡ್ಬೇಡಿ. ಎಲ್ಲಾರ ಕಾರ್ಡೂ ಹೋಗ್ತಾವೆ."

"ಹೋಗ್ಲಿ."

ಅವನು ಬೆಸುಗೆ ಕಡ್ಡಿಯ ಸ್ವಿಚ್ ಆರಿಸಿದ. "ಅದು ವೈರಸ್ ಅಲ್ಲ. ನಾನೇ ಮಾಡಿದ್ದು. ಹೋದ ವರ್ಷ ಪೀರ್ ಚಚಾ ಬಂದು, ಯಾರೂ ಅಳಿಸಕ್ಕಾಗದಂಗೆ ಮಾಡಿಕೊಡು ಅಂದ್ರು. ಡಾಸಿಗೆ, ಆ ಕಪ್ಪು ಪರದೆಗೆ ಹೋಗಿ, ಕೀಬೋರ್ಡಲ್ಲಿ ಇಲ್ಲದೇ ಇರೋ ಗುರುತು ಹಾಕಿ ಒಂದು ಫೋಲ್ಡರ್ ಮಾಡ್ದೆ, ಕಾರ್ಡನ್ನ ಅದರೊಳಗೆ ಇಟ್ಟೆ. ಮೌಸಲ್ಲಿ ಒತ್ತಿದ್ರೆ ಆ ಗುರುತು ಕಂಪ್ಯೂಟರ್‌ಗೆ ಅರ್ಥ ಆಗಲ್ಲ, ಅದಕ್ಕೇ ಅಳಿಸಕ್ಕೆ ಬರಲ್ಲ. ತೆಗೆಯೋದು ಒಂದು ನಿಮಿಷದ ಕೆಲಸ. ಆದ್ರೆ ಚಚಾಗೆ ಮಾತು ಕೊಟ್ಟಿದ್ದೀನಿ. ಕೇಳೋದಾದ್ರೆ ಅವರನ್ನೇ ಕೇಳಿ."

ಅಲ್ಲಿಂದ ಪ್ರೆಸ್ಸಿಗೆ ಹತ್ತು ನಿಮಿಷದ ದಾರಿ. ಮಧ್ಯಾಹ್ನದ ಬಿಸಿಲು. ಇಷ್ಟು ದಿನ ನನ್ನ ಪಕ್ಕದಲ್ಲಿ ಕೂತು, ನಾನು ಆ ಯಂತ್ರಕ್ಕೆ ಬೈಯುವುದನ್ನು ಕೇಳಿ, ಅಬ್ಬಾ ಒಂದು ಮಾತೂ ಆಡಿರಲಿಲ್ಲ. ಸಿಟ್ಟಿಗಿಂತ ಹೆಚ್ಚಾಗಿ ನನಗೆ ಅವಮಾನವಾಗಿತ್ತು.

ಅಬ್ಬಾ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಕಾರ್ಡಿನ ಹಾಳೆ ಎಣಿಸುತ್ತಿದ್ದರು. ನಾನು ನೇರವಾಗಿ ಕೇಳಿದೆ. ಅವರು ಎಣಿಕೆ ನಿಲ್ಲಿಸಲಿಲ್ಲ, ಆದರೆ ತಪ್ಪಿತು, ಮತ್ತೆ ಮೊದಲಿಂದ ಶುರು ಮಾಡಿದರು.

"ಮದುವೆ ಮ್ಯಾಟರು ಬಿಚ್ಚಬಾರ್ದು ಬೇಟಾ," ಅಂದರು ಕೊನೆಗೆ.

ಈ ಮಾತು ನನಗೆ ಗೊತ್ತಿದ್ದದ್ದೇ. ಮೊಳೆ ಜೋಡಿಸುವ ಕಾಲದಲ್ಲಿ ಒಂದು ಕಾರ್ಡಿನ ಮೊಳೆಗಳನ್ನೆಲ್ಲ ಒಟ್ಟು ಮಾಡಿ ಸುತ್ತ ಹುರಿ ಕಟ್ಟುತ್ತಿದ್ದರು, ಅದಕ್ಕೇ ಮ್ಯಾಟರು ಅನ್ನುವುದು. ಅಚ್ಚಾದ ಮೇಲೆ ಹುರಿ ಬಿಚ್ಚಿ ಒಂದೊಂದು ಅಕ್ಷರವನ್ನೂ ಅದರದರ ಗೂಡಿಗೆ ಹಾಕಬೇಕು. ಬೇರೆ ಎಲ್ಲವನ್ನೂ ಅಬ್ಬಾ ಅವತ್ತೇ ಬಿಚ್ಚುತ್ತಿದ್ದರು. ಮದುವೆ ಕಾರ್ಡು ಮಾತ್ರ ಮದುವೆ ಮುಗಿದ ಮಾರನೆಯ ದಿನ. ಮೊದಲೇ ಬಿಚ್ಚಿದರೆ ಕೂಡಿದ್ದು ಬಿಚ್ಚಿಕೊಳ್ಳುತ್ತದೆ ಎಂದು ಅವರ ಉಸ್ತಾದ್ ಹೇಳಿಕೊಟ್ಟಿದ್ದಂತೆ.

"ಮುರಿದು ಹೋದ ಮದುವೇದು?" ಅಂದೆ.

"ಹುಡುಗಿಗೆ ಬೇರೆ ಕಡೆ ಆಗೋ ತನಕ ಇಡಬೇಕು. ಆದ ಮೇಲೆ ಬಿಚ್ಚಬೇಕು. ನಿಂದೂ ಆಗ್ಲಿ, ನಾನೇ ಅಫ್ಸರ್‌ನ ಕರೆಸಿ ತೆಗಿಸ್ತೀನಿ."

"ಅಬ್ಬಾ, ನಾನು ದಿನಾ ಅದನ್ನ ನೋಡ್ಕೊಂಡು ಕೂತಿದ್ದೀನಿ. ದಿನಾ ಅಂದ್ರೆ ದಿನಾ. ನಂಗೆ ಸಾಕಾಗಿದೆ." ಅವರ ಕೈಯಿಂದ ಹಾಳೆ ತೆಗೆದು ಪಕ್ಕಕ್ಕಿಟ್ಟೆ. "ಎಲ್ಲೂ ಆಗ್ಲೇ ಇಲ್ಲ ಅಂದ್ರೆ?"

ಅವರ ಕಣ್ಣು ಒಂದು ಕ್ಷಣ ಹಿಂದಿನ ಗೋಡೆಯ ಕಡೆ ಹೋಗಿ ಬಂತು. ಅಲ್ಲಿ ಹಳೆಯ ಕಬ್ಬಿಣದ ರ‍್ಯಾಕು, ಪೇಪರ್ ಬಂಡಲುಗಳು, ಯಾರೂ ಮುಟ್ಟದ ಮೊಳೆ ಗೂಡುಗಳು. ನಾನು ಎದ್ದು ಹೋದೆ. ಬೇಡ ಅನ್ನಲಿಲ್ಲ ಅಬ್ಬಾ. ಬಂಡಲುಗಳನ್ನು ಸರಿಸಿದರೆ ಅಡಿಯ ಹಲಗೆಯಲ್ಲಿ ಒಂದು ತಗಡಿನ ತಟ್ಟೆ, ಅದರ ಮೇಲೆ ಕಪ್ಪಾದ ಹುರಿಯಲ್ಲಿ ಕಟ್ಟಿದ ಮ್ಯಾಟರು. ಎತ್ತಲು ಎರಡು ಕೈ ಬೇಕಾಯಿತು. ಮೊಳೆಯ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ, ನನಗೆ ಓದಲು ಬರುವುದಿಲ್ಲ. ಆದರೆ ಮೊದಲಕ್ಷರ ಗುರುತು ಹತ್ತಿತು. ಸಾ.

ಆಗಲೇ ಫೂಫು ಊಟದ ಡಬ್ಬಿ ಹಿಡಿದು ಒಳಗೆ ಬಂದಳು. ದಿನಾ ಅವಳು ಬರುವ ಹೊತ್ತೇ ಅದು. ಬಂಡಲುಗಳು ಚೆಲ್ಲಾಡಿದ್ದವು, ನನ್ನ ಕಣ್ಣು ಕೆಂಪಾಗಿತ್ತು, ಅಬ್ಬಾ ನೆಲ ನೋಡುತ್ತಿದ್ದರು.

"ಏನಾಯ್ತು?" ಅಂದಳು.

ನಾನು ಹೇಳಿದೆ. ಎಲ್ಲವನ್ನೂ ಹೇಳಿದೆ, ಫೋಲ್ಡರಿನದು, ಅಫ್ಸರನದು, ಉಸ್ತಾದನದು. ಮುಚ್ಚಿಡುವಷ್ಟು ತಾಳ್ಮೆ ನನಗೆ ಉಳಿದಿರಲಿಲ್ಲ. ಹೇಳಿ ಮುಗಿಸಿ, ಇದು ನಿಂದು ಅನ್ಸುತ್ತೆ ಅಂತ ತಟ್ಟೆ ತೋರಿಸಿದೆ.

ಫೂಫು ಡಬ್ಬಿ ಕೆಳಗಿಟ್ಟು ಹತ್ತಿರ ಬಂದಳು. ಸೆರಗಿನಿಂದ ಧೂಳು ಒರೆಸಿದಳು. ಬಹಳ ಹೊತ್ತು ನೋಡಿದಳು, ಅವಳಿಗೂ ಓದಲು ಬರಲಿಲ್ಲ.

"ಭಾಯ್ ಜಾನ್, ಏನಂತೈತೆ ಇದರಾಗೆ? ಓದಿ ಹೇಳು."

"ಬೇಡ ಸಾಬಿರಾ."

"ಓದು."

ಅಬ್ಬಾ ಎದ್ದು ಬಂದರು. ಕನ್ನಡಕ ಹಾಕಲಿಲ್ಲ, ಬೆರಳಿನಿಂದ ಸವರುತ್ತ ಓದಿದರು, ಇಲ್ಲವೇ ಬಾಯಿಪಾಠವೇ ಇತ್ತೋ ಏನೋ. ಸಾಬಿರಾ ಬೇಗಂ. ಎಪ್ಪತ್ತನಾಲ್ಕನೆಯ ಇಸವಿ, ಮೇ ತಿಂಗಳು, ಹನ್ನೆರಡನೆಯ ತಾರೀಕು, ಭಾನುವಾರ. ಮೀರಾ ಸಾಬ್, ಹಿರಿಯೂರು.

"ಮೀರಾ ಸಾಬಾ?" ಅಂದಳು ಫೂಫು.

"ಹೂಂ."

"ಬುಡೇನ್ ಸಾಬ್ ಅಲ್ವಾ?"

"ಬುಡೇನ್ ಅವರಣ್ಣ."

"ನೋಡು ಮತ್ತೆ. ನಾನು ಇಷ್ಟು ವರ್ಷ ಬುಡೇನ್ ಅಂತಲೇ ಅಂದ್ಕೊಂಡಿದ್ದೆ." ಫೂಫು ನನ್ನ ಕಡೆ ತಿರುಗಿದಳು. ನಗುತ್ತಾಳೆಂದುಕೊಂಡೆ, ನಗಲಿಲ್ಲ. "ಆತನ ಹೆಸರೇ ನಂಗೆ ನೆಟ್ಟಗೆ ನೆನಪಿಲ್ಲ. ಇವನು ಕಟ್ಟಿ ಇಟ್ಕೊಂಡಿದ್ದಾನೆ."

ಅಬ್ಬಾ ಅಂದರು, "ನಿನ್ನ ಒಳ್ಳೇದಕ್ಕೇ ಅಲ್ವೇನಮ್ಮ."

"ಗೊತ್ತು. ಅದಕ್ಕೇ ಏನೂ ಅನ್ನಕ್ಕಾಗಲ್ಲ ನಿಂಗೆ." ಅವಳ ದನಿ ಏರಲಿಲ್ಲ. "ಆ ಮದುವೆ ಮುರಿದಾಗ ಒಂದು ವಾರ ಅತ್ತೆ. ಆಮೇಲೆ ನನ್ನ ಪಾಡಿಗೆ ರೊಟ್ಟಿ ತಟ್ಕೊಂಡು ಇದ್ದೆ. ನೀನು ಪ್ರತೀ ಈದಿಗೆ ಹೊಸ ಬಟ್ಟೆ ತಂದು ಕೊಟ್ಟು ನನ್ನ ಮುಖಾನೇ ನೋಡ್ತಿದ್ದೆ, ಏನೋ ತಪ್ಪು ಮಾಡಿದೋನ ಥರ. ಯಾಕಂತ ನಂಗೆ ಗೊತ್ತೇ ಆಗ್ತಿರ್ಲಿಲ್ಲ. ಇದನ್ನ ಇಟ್ಕೊಂಡು ಕಾಯ್ತಾ ಇದ್ದೀಯ ಅಂತ ಗೊತ್ತಿದ್ರೆ ಅವತ್ತೇ ಬಂದು ಬಿಚ್ತಿದ್ದೆ. ನೀನು ಕಾಯೋದು ನೋಡಿ ನೋಡಿ ಸುಸ್ತಾತು ಭಾಯ್ ಜಾನ್. ಮದುವೆ ಆಗದೇ ಇದ್ದಿದ್ದಕ್ಕಲ್ಲ."

ಅಬ್ಬಾನ ಮುಖ ನೋಡಲು ನನಗೆ ಆಗಲಿಲ್ಲ. ಒಳ್ಳೆಯದನ್ನೇ ಬಯಸಿದ ಮನುಷ್ಯ. ಇಪ್ಪತ್ತೊಂಬತ್ತು ವರ್ಷ ಅದನ್ನು ಯಾರಿಗೂ ಹೇಳದೆ ಕಾದಿದ್ದರು.

ಫೂಫು ಪೇಪರ್ ಕತ್ತರಿಸುವ ಚಾಕು ತೆಗೆದುಕೊಂಡು ಹುರಿ ಕೊಯ್ದಳು. ಏನೂ ಬೀಳಲಿಲ್ಲ. ಹುರಿ ಪುಡಿಯಾಗಿ ಉದುರಿತು, ಮ್ಯಾಟರು ಕಟ್ಟಿದ ಹಾಗೇ ನಿಂತಿತ್ತು. ಒಣಗಿದ ಇಂಕು, ಸೀಸದ ಕಿಲುಬು ಸೇರಿ ಮೊಳೆಗಳೆಲ್ಲ ಒಂದಕ್ಕೊಂದು ಹಿಡಿದುಕೊಂಡುಬಿಟ್ಟಿದ್ದವು. ಉಗುರಿನಿಂದ ಎಬ್ಬಿಸಲು ನೋಡಿದಳು, ಅಲ್ಲಾಡಲಿಲ್ಲ.

"ಇದೂ ನಿನ್ನ ಕಂಪ್ಯೂಟರ್ ಥರಾನೇ," ಅಂದಳು ನನಗೆ.

ಆಗ ಅಬ್ಬಾ ಒಳಗೆ ಹೋಗಿ ಸೀಮೆಎಣ್ಣೆ ಬಾಟಲಿ ತಂದರು. ತಟ್ಟೆಯ ಮೇಲೆ ನಿಧಾನವಾಗಿ ಸುರಿದರು. ಬಾಟಲಿ ಮುಚ್ಚಿ ಕೈ ಒರೆಸಿಕೊಂಡು ನನ್ನ ಕಡೆ ನೋಡಿದರು. "ಸ್ವಲ್ಪ ಹೊತ್ತು ನೆನೀಬೇಕು. ನೀನು ಹೋಗಿ ಅಫ್ಸರ್‌ನ ಕರ್ಕೊಂಡ್ ಬಾ."

ಅಫ್ಸರ್ ಭಾಯ್ ಬಂದ. ಅಬ್ಬಾ ತಲೆಯಾಡಿಸಿದ್ದನ್ನು ನೋಡಿಯೇ ಕೂತ. ಪರದೆ ಕಪ್ಪಾಯಿತು, ಬಿಳಿ ಅಕ್ಷರದಲ್ಲಿ ಒಂದು ಸಾಲು ಬರೆದ, ಕೊನೆಗೆ ನನ್ನ ಹೆಸರು. ಇದನ್ನೂ ಇದರೊಳಗಿನದ್ದೆಲ್ಲವನ್ನೂ ಅಳಿಸಲೇ ಎಂದು ಯಂತ್ರ ಕೇಳಿತು. ಹೌದಾದರೆ ವೈ, ಇಲ್ಲವಾದರೆ ಎನ್.

"ನೀವೇ ಒತ್ತಿ ಬೆಹನ್," ಅಂತ ಎದ್ದು ನಿಂತ.

ಸೀರೆಯ ಅಂಚು ನೆನಪಾಯಿತು. ಆ ಅಂಚಿನ ಮೂಲೆ ಕೂಡಿಸಲು ನಾನು ಒಂದು ಇಡೀ ಮಧ್ಯಾಹ್ನ ಕಳೆದಿದ್ದೆ, ಅದು ಬಹಳ ಚೆನ್ನಾಗಿ ಬಂದಿತ್ತು. ಅದಕ್ಕಾಗಿ ಬೇಜಾರಾಯಿತು, ಹುಡುಗನಿಗಾಗಿ ಆಗಲಿಲ್ಲ. ವೈ ಒತ್ತಿದೆ. ಯಂತ್ರ ಒಂದೆರಡು ಸಲ ಗುರುಗುಟ್ಟಿ ಸುಮ್ಮನಾಯಿತು. ಹಳದಿ ಫೋಲ್ಡರುಗಳ ಸಾಲಿಗೆ ವಾಪಸು ಬಂದರೆ ಅಲ್ಲಿ ಖಾಲಿ ಜಾಗವೂ ಇರಲಿಲ್ಲ, ಮುಂದಿನ ಹೆಸರು ಹಿಂದಕ್ಕೆ ಸರಿದು ಕೂತಿತ್ತು.

ಸಂಜೆಯವರೆಗೆ ಅಬ್ಬಾ ಮತ್ತು ಫೂಫು ನೆಲದ ಮೇಲೆ ಕೂತು ಮೊಳೆ ಬಿಡಿಸಿದರು. ಇನ್ನು ಯಾರೂ ಮುಟ್ಟದ ಮೊಳೆಗಳು, ತೂಕಕ್ಕೆ ಹಾಕುವಂಥವು. ಆದರೂ ಬಿಚ್ಚಿದ ಮೇಲೆ ಗೂಡಿಗೆ ಹಾಕಲೇಬೇಕು ಎಂದು ಅಬ್ಬಾನ ಹಟ. ಫೂಫು ಒಂದೊಂದನ್ನೇ ಒರೆಸಿ ಕೊಡುತ್ತಿದ್ದಳು, ಅಬ್ಬಾ ಬೆರಳಲ್ಲಿ ಸವರಿ, ಅಕ್ಷರ ಗುರುತಿಸಿ, ನೋಡದೆಯೇ ಗೂಡಿಗೆ ಹಾಕುತ್ತಿದ್ದರು. ನಾನು ಚಿತ್ರಾಳ ಕಾರ್ಡು ಮುಗಿಸಿದೆ.

"ನಿಂದು ಎಲ್ಲಿಗೆ ಹೋತು?" ಅಂತ ಫೂಫು ಕೂತಲ್ಲಿಂದಲೇ ಕೇಳಿದಳು.

"ಎಲ್ಲಿಗೂ ಇಲ್ಲ ಫೂಫು. ಜಾಗ ಖಾಲಿಯಾಯ್ತು ಅಷ್ಟೇ."

"ಸೀಮೆಎಣ್ಣೆ ಖರ್ಚಿಲ್ಲ ನಿಂಗೆ," ಅಂದಳು.

ಇದೆಲ್ಲ ಆಗಿ ಎಷ್ಟೋ ವರ್ಷವಾಯಿತು. ಅಬ್ಬಾ ಇಲ್ಲ, ಆ ಕಂಪ್ಯೂಟರೂ ಇಲ್ಲ. ನಾನಿನ್ನೂ ಕಾರ್ಡು ಮಾಡುತ್ತೇನೆ, ಮದುವೆ ಮುಗಿದ ಮಾರನೆಯ ದಿನ ಫೋಲ್ಡರು ಅಳಿಸುತ್ತೇನೆ, ಮುರಿದರೆ ಅವತ್ತೇ ಅಳಿಸುತ್ತೇನೆ. ಮೊದಲಿಗೆ ಹೆಸರು ಹೇಳುವುದಿಲ್ಲ ಎಂದಿದ್ದೆನಲ್ಲ, ಈಗ ಹೇಳಿದರೂ ಏನೂ ಆಗುವುದಿಲ್ಲ. ಆ ಮೊಳಕಾಲ್ಮೂರಿನ ಹುಡುಗನ ಹೆಸರು ಜಾಕಿರ್. ಜಾಕಿರ್ ಅಂತಲೇ ಇರಬೇಕು.